ಗೋಡೆ ಬಣ್ಣದ ತಂತಿ

ಕ್ಯಾಸೆಟ್ಟಿನಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡ, ಮೊದಲ ಸಾಲು ಎತ್ತಿದ. ಅಷ್ಟರಲ್ಲಿ ಆಂಪ್ಲಿಫೈಯರ್ ಒಳಗೆ ಚಟ್ ಎಂದಿತು. ಸುಟ್ಟ ವಾಸನೆ. ಅಂಗಳದಲ್ಲಿ ಸೂತಕದ ಕಪ್ಪು ಬಟ್ಟೆ, ಕೆಂಪು ಬಟ್ಟೆ ಉಟ್ಟು ಕೂತಿದ್ದವರೆಲ್ಲ ಒಟ್ಟಿಗೆ ಆಂಟ್ವಿಯತ್ತ ತಿರುಗಿದರು.

"ಮೂರನೇ ಸಲ," ಎಂದಳು ಸೆರ್ವಾ ಅತ್ತೆ, ಸತ್ತವನ ಅಕ್ಕ. "ನನ್ನ ತಮ್ಮಂಗೆ ಹಾಡೋಕೆ ಇಷ್ಟ ಇಲ್ಲ ಕಣೋ ಆಂಟ್ವಿ. ಬಿಟ್ಬಿಡು ಅವನ್ನ."

"ಸತ್ತೋರು ಟ್ರಾನ್ಸಿಸ್ಟರ್ ಸುಡಲ್ಲ ಅತ್ತೆ."

"ಹಂಗಾದ್ರೆ ನೀನೇ ಸುಟ್ಟೆ. ಈ ಕುಮಾಸಿ ಊರಿಗೇ ದೊಡ್ಡ ಮೆಕ್ಯಾನಿಕ್ಕು! ಇನ್ನೊಂದ್ಸಲ ಹಿಂಗಾದ್ರೆ ಬಾಡಿಗೆ ಸೆಟ್ ತರಿಸಿ ಚರ್ಚಿನ ಹಾಡು ಹಾಕಿಸ್ತೀನಿ. ಹೆಣದ ಪೆಟ್ಟಿಗೆ ಎತ್ತೋ ಹೊತ್ತಾಯ್ತು."

ಊರಿನ ಸಾವಿಗೆಲ್ಲ ಹಾಡಿದವನು ತನ್ನ ಸಾವಿಗೆ ಮೂಕನಾಗಿ ಹೋಗಬೇಕೆ? ಆಂಟ್ವಿ ಹಲ್ಲು ಕಡಿದ. ಆಂಪ್ಲಿಫೈಯರಿನೊಳಗೆ ಹಾಕಲು ಉಳಿದಿರುವುದು ಒಂದೇ ಜೊತೆ ಟ್ರಾನ್ಸಿಸ್ಟರ್. ತನ್ನ ಅಂಗಡಿಯಲ್ಲಿ ಇದೇ ಆಂಪ್ಲಿಫೈಯರ್, ಇದೇ ಕ್ಯಾಸೆಟ್ ದಿನವಿಡೀ ಹಾಡಿದ್ದವು, ಬಿಸಿಯೂ ಆಗಿರಲಿಲ್ಲ. ಈ ಮನೆಗೆ ತಂದರೆ ಸಾಕು, ಅಪ್ಪ ಬಾಯಿ ತೆರೆದರೆ ಸಾಕು, ಸುಡುತ್ತದೆ. ನಕಲಿ ಮಾಲು ಕೊಟ್ಟನೆಂದು ಟ್ರಾನ್ಸಿಸ್ಟರ್ ಮಾರಿದವನಿಗೆ ಹೊಡೆಯಲು ಹೋಗಿದ್ದ. ಆಮೇಲೆ ಸುಟ್ಟದ್ದೊಂದರ ತಲೆ ಒಡೆದು ನೋಡಿದರೆ ಅಸಲಿಯೇ.

ಒಳಗೆ ಬದಲಿಸಲು ಇನ್ನೇನೂ ಉಳಿದಿರಲಿಲ್ಲ. ಅವನು ಹೊರಗಿನದನ್ನು ನೋಡಿದ. ಸ್ಪೀಕರ್ ತಂತಿ ಸೇರಿಸಲೆಂದು ಅಪ್ಪ ಗೋಡೆಗೆ ಬಡಿದಿದ್ದ ಪಟ್ಟಿಯಿಂದ ಅಂಗಳದ ಎರಡೂ ದೊಡ್ಡ ಸ್ಪೀಕರ್ ಬಾಕ್ಸ್‌ಗಳ ತಂತಿ ಕಿತ್ತು, ಆ ಪಟ್ಟಿಗೆ ಮೀಟರ್ ಹಿಡಿದ. ಮುಳ್ಳು ಅಲ್ಲಾಡಬಾರದಿತ್ತು. ಅಲ್ಲಾಡಿತು. ಕಾಣದ ಸ್ಪೀಕರ್ ಒಂದು ಎಲ್ಲೋ ಅಂಟಿಕೊಂಡೇ ಇತ್ತು. ಎರಡು ಸ್ಪೀಕರೇ ಆ ಆಂಪ್ಲಿಫೈಯರಿನ ಮಿತಿ; ಮೂರನೆಯದರ ಭಾರ ಬಿದ್ದರೆ ಸುಡದೆ ಇನ್ನೇನು?

ಪಟ್ಟಿಯ ಹಿಂದಿನಿಂದ ಗೋಡೆಯದೇ ಬಣ್ಣ ಬಳಿದ ತೆಳು ತಂತಿಯೊಂದು ಹೊರಟಿತ್ತು. ತಂತಿ ಕತ್ತರಿಸುವ ಇಕ್ಕಳ ಹಿಡಿದು ಅದರ ಜಾಡಿನಲ್ಲೇ ನುಗ್ಗಿದ. ತಂತಿ ಅವ್ವನ ಕೋಣೆಗೆ ಹೋಯಿತು.

ಅವ್ವನಿಗೆ ಕಿವಿ ಹೋಗಿ ವರ್ಷಗಳಾಗಿದ್ದವು. ವಿಧವೆಯ ಚಾಪೆಯ ಮೇಲೆ, ಮಂಚದಡಿಯ ಹಳೆಯ ಸ್ಪೀಕರ್ ಬಾಕ್ಸಿಗೆ ಬೆನ್ನು ಒತ್ತಿ ಕೂತಿದ್ದಳು. ಅಪ್ಪ ಮನೆಯಲ್ಲಿ ದೊಡ್ಡ ಬಾಕ್ಸ್‌ಗಳನ್ನು ಎಂದೂ ಹಾಕಿದವನಲ್ಲ. ಇದೊಂದನ್ನೇ, ಮೆಲ್ಲಗೆ, ಇವಳು ಅದರ ಅದುರನ್ನು ಬೆನ್ನಿನಲ್ಲಿ ಕೇಳಲೆಂದು.

"ನಿಮ್ಮಪ್ಪ ಮೂರು ಸಲ ಬಂದ," ಎಂದಳು ಅವ್ವ. "ಬೆನ್ನಿಗೆ ಕೈ ಇಟ್ಟ ಹಂಗೇ ಆಯ್ತು. ಕೂರೋದ್ರೊಳಗೆ ಎದ್ದು ಹೋಗ್ತಾನೆ. ನೀನೇನಾದ್ರೂ ಅಂದ್ಯಾ ಮಗಾ ಅವನಿಗೆ?"

ಅವನು ಇಕ್ಕಳವನ್ನು ಬೆನ್ನ ಹಿಂದೆ ಮಾಡಿಕೊಂಡು ಹೊರಬಂದ.

ಕೊನೆಯ ಜೊತೆಯನ್ನು ಬೆಸೆದ. ಎಡಗಡೆಯ ದೊಡ್ಡ ಬಾಕ್ಸನ್ನು ಪಟ್ಟಿಗೆ ಸೇರಿಸಿದ. ಬಲಗಡೆಯದರ ತಂತಿಯನ್ನು ಸುತ್ತಿ ನೆಲಕ್ಕೆ ಹಾಕಿದ. ಗುಂಡಿ ಒತ್ತಿದ. ಅಪ್ಪ ಗಂಟಲು ಸರಿಮಾಡಿಕೊಂಡ. ಮೊದಲ ಸಾಲು, ಎರಡನೆಯದು, ಮೂರನೆಯದು.

"ಲೋ! ಹಿರಿಯರು ಕೂತಿರೋ ಕಡೆಗೇ ದನಿ ಇಲ್ವಲ್ಲೋ!" ಬಲಗಡೆಯಿಂದ ಅತ್ತೆ ಕಿರುಚಿದಳು.

"ಎದ್ದು ಈ ಕಡೆ ಬನ್ನಿ ಅತ್ತೆ."

"ನಾವ್ಯಾಕೋ ಏಳ್ಬೇಕು?"

ಹಿರಿಯರು ಬಯ್ಯುತ್ತಲೇ ಒಬ್ಬೊಬ್ಬರಾಗಿ ಎದ್ದು ಕುರ್ಚಿ ಎಳೆಯತೊಡಗಿದರು. ಆಂಟ್ವಿ ಮಾತ್ರ ಅವ್ವನ ಕೋಣೆಯ ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದ. ಅದರ ಗಾಜಿನ ಪಟ್ಟಿಗಳು ಸಣ್ಣಗೆ ನಡುಗುತ್ತಿದ್ದವು.