ಎಲ್ಕಾನಾ ಮೇಷ್ಟ್ರು ಹೇಳದೆ ಬಿಟ್ಟ ಮಾತು

ಇಜ್ಮೀರಿನಿಂದ ಬಂದ ಲಕೋಟೆಯನ್ನು ಎಲ್ಕಾನಾ ಅಡುಗೆಮನೆಯ ಮೇಜಿನ ಮೇಲಿಟ್ಟು ಚಾಕುವಿನಿಂದ ನೀಟಾಗಿ ಸೀಳಿದ. ಮೂವತ್ತೊಂದು ವರ್ಷ ಜೆರುಸಲೇಮಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು, ಹಳೆಯ ಕಾಗದ ಕಂಡರೆ ಅವನಿಗೆ ಜೀವ. ಅವರದು ಕೊಹೆನ್ ಮನೆತನ. ಯೆಹೂದಿಗಳಲ್ಲಿ ಅದು ತಂದೆಯಿಂದ ಮಗನಿಗೆ ಇಳಿದು ಬರುವ ಪುರೋಹಿತ ಪದವಿ. ದಿನಾ ಬೆಳಿಗ್ಗೆ ಮಂದಿರದಲ್ಲಿ ಜನರೆದುರು ನಿಂತು, ಎರಡೂ ಕೈ ಎತ್ತಿ ಆಶೀರ್ವದಿಸುವ ಹಕ್ಕು ಅವರಿಗೆ ಮಾತ್ರ. ವಂಶವೃಕ್ಷ ಬರೆದು ಮಂದಿರದ ಗೋಡೆಗೆ ತೂಗುಹಾಕಬೇಕೆಂದು ಅಪ್ಪನ ತಾಯಿ ಬುಲಿಸಾಳ ಜನನ ದಾಖಲೆ ಕೇಳಿ ಅಜ್ಜನ ಊರಾದ ಇಜ್ಮೀರಿಗೆ ಬರೆದಿದ್ದ. ಅಲ್ಲಿಯವರು ಅವನು ಕೇಳದ ಇನ್ನೊಂದು ಪುಟವನ್ನೂ ಸೇರಿಸಿ ಕಳಿಸಿದ್ದರು.

ಅದು ಧಾರ್ಮಿಕ ನ್ಯಾಯಾಲಯದ ವಿಚ್ಛೇದನಗಳ ಪುಸ್ತಕದ ಪುಟ. ಮೆರ್ಕಾದೋ ಎಂಬುವನ ಮಗಳು ಬುಲಿಸಾ ಗಂಡನಿಂದ ಬಿಡುಗಡೆ ಪಡೆದಳು ಎಂದಿತ್ತು. ತಾರೀಖು ಅಜ್ಜನ ಮದುವೆಗೆ ಎರಡು ವರ್ಷ ಮೊದಲಿನದು. ಅದೇ ಹೆಸರಿನ ಬೇರೆ ಹೆಂಗಸಿರಬಹುದೆಂದು ಬೀದಿಯ ಹೆಸರು, ತಾಯಿಯ ಹೆಸರು ಎಲ್ಲವನ್ನೂ ಜನನ ದಾಖಲೆಯ ಜೊತೆ ಮೂರು ಸಲ ತಾಳೆ ನೋಡಿದ. ಎಲ್ಲವೂ ಹೊಂದಿದವು.

ಕೊಹೆನ್ ಆದವನು ವಿಚ್ಛೇದನ ಪಡೆದವಳನ್ನು ಮದುವೆಯಾಗುವಂತಿಲ್ಲ. ಹಾಗೆ ಮದುವೆಯಾದರೆ ಹುಟ್ಟುವ ಮಗನಿಗೆ ಆ ಪದವಿಯಿಲ್ಲ, ಮೊಮ್ಮಗನಿಗೂ ಇಲ್ಲ.

ಅವನು ವೀದಾ ಅತ್ತೆಗೆ ಫೋನ್ ಮಾಡಿದ. ತಂದೆಯ ತಂಗಿ, ತೊಂಬತ್ತರ ಹತ್ತಿರ.

"ಗೊತ್ತಿತ್ತು ಕಣೋ," ಎಂದಳು ಅವಳು, ಬೇಳೆಯಲ್ಲಿ ಕಲ್ಲು ಸಿಕ್ಕಿತು ಅನ್ನುವಷ್ಟೇ ಸಲೀಸಾಗಿ. "ಅಪ್ಪ ಊರು ಬಿಟ್ಟು ಯಾಫಾಕ್ಕೆ ಬಂದಿದ್ದೇ ಅದಕ್ಕೆ. ಇಲ್ಲಿ ಯಾರು ಕೇಳ್ಬೇಕು?"

"ನಮ್ಮಪ್ಪನಿಗೆ?"

"ಅವನಿಗೂ ಗೊತ್ತಿತ್ತು. ಆ ಕೈ ಎತ್ತೋದು ಅಂದ್ರೆ ಅವನಿಗೆ ಪ್ರಾಣ. ಯಾರು ಬೇಡ ಅಂತಾರೆ? ನೀನು ಯಾಕೋ ಕಾಗದ ಕೆದಕೋಕೆ ಹೋದೆ? ಮೇಷ್ಟ್ರ ಬುದ್ಧಿ!"

ಫೋನಿಟ್ಟ ಮೇಲೆ ಅವನಿಗೆ ಮೊದಲು ನೆನಪಾದವನು ಅಜ್ಜನಲ್ಲ, ಅಪ್ಪನೂ ಅಲ್ಲ, ಖಮ್ಮೂಸ್.

ಅವರ ಸಣ್ಣ ಮಂದಿರದಲ್ಲಿದ್ದವರು ಇಬ್ಬರೇ ಕೊಹೆನ್‌ಗಳು: ಎಲ್ಕಾನಾ, ಮತ್ತು ಟ್ರಿಪೋಲಿಯಿಂದ ಬಂದು ಸೋಫಾಗಳಿಗೆ ಬಟ್ಟೆ ಹೊದಿಸುತ್ತಿದ್ದ ಮುದುಕ ಖಮ್ಮೂಸ್. ಹೋದ ವರ್ಷ ಎಲ್ಕಾನಾ ಹತ್ತಿಯ ಕಡ್ಡಿಯಿಂದ ಇಬ್ಬರ ಕೆನ್ನೆಯ ಒಳಭಾಗವನ್ನು ಸವರಿ ಪ್ರಯೋಗಾಲಯಕ್ಕೆ ಕಳಿಸಿದ್ದ. ಗಂಡಸಿನಿಂದ ಗಂಡಸಿಗೆ ಮಾತ್ರ ದಾಟುವ ವೈ ವರ್ಣತಂತುವಿನಲ್ಲಿ ಬಹಳಷ್ಟು ಕೊಹೆನ್‌ಗಳಲ್ಲಿ ಕಾಣುವ ಒಂದು ಗುರುತಿದೆ. ಎಲ್ಕಾನಾನಿಗೆ ಅದಿತ್ತು, ಖಮ್ಮೂಸನಿಗೆ ಇರಲಿಲ್ಲ. ಫಲಿತಾಂಶ ಗುಟ್ಟಾಗಿರುತ್ತದೆ ಎಂದು ಮಾತು ಕೊಟ್ಟಿದ್ದವನು, ಶನಿವಾರ, ಸಬ್ಬತ್ತಿನ ದಿನ, ಮಂದಿರದ ಸಂಜೆಯ ಊಟದಲ್ಲಿ ಉಪ್ಪುಮೀನಿನ ತಟ್ಟೆ ಕೈಯಲ್ಲಿ ಹಿಡಿದು, ಎಲ್ಲರೆದುರು ಎರಡೂ ಫಲಿತಾಂಶ ಓದಿಬಿಟ್ಟಿದ್ದ.

ಗುರುತಿಲ್ಲದ ಕೊಹೆನ್‌ಗಳೂ ಎಷ್ಟೋ ಜನ ಇದ್ದಾರೆ, ಇಲ್ಲವೆಂಬುದರಿಂದ ಏನೂ ಸಾಬೀತಾಗುವುದಿಲ್ಲ. ಆ ಒಂದು ವಾಕ್ಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಯಲ್ಲಿ ಅದನ್ನು ಬರೆಯದ ಹುಡುಗರ ಅಂಕ ಕಳೆಯುತ್ತಿದ್ದವನೇ ಅವನು. ಅವತ್ತು ಅದನ್ನು ಬಿಟ್ಟಿದ್ದ. ಮರೆತು ಬಿಟ್ಟದ್ದಲ್ಲ.

ಕಡ್ಡಿ ನೋಡಿ ಯಾರನ್ನೂ ಪದವಿಯಿಂದ ಇಳಿಸುವುದಿಲ್ಲ ಎಂದು ಮಂದಿರದ ಗುರು ರಬ್ಬಿ ನಹೂಮ್ ಅಂದೇ ಹೇಳಿದ್ದರು. ಖಮ್ಮೂಸ್ ಕೇಳಲಿಲ್ಲ. ಆಶೀರ್ವಾದದ ಹೊತ್ತಿಗೆ ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲತೊಡಗಿದ.

ಈಗ ಎಲ್ಕಾನಾ ಪುಟವನ್ನು ರಬ್ಬಿಗೆ ತೋರಿಸಿದ. ಅವರು ಕನ್ನಡಕ ತೆಗೆದರು. "ಕಡ್ಡಿ ಮಾತು ಬೇರೆ ಮೇಷ್ಟ್ರೇ. ಇದು ನ್ಯಾಯಾಲಯದ ಬರಹ, ಮೇಲೆ ನಿಮ್ಮತ್ತೆಯ ಮಾತೂ ಇದೆ. ಇನ್ನು ನೀವು ಆಶೀರ್ವಾದಕ್ಕೆ ಮೆಟ್ಟಿಲು ಹತ್ತೋ ಹಾಗಿಲ್ಲ."

ವಂಶದ ವರ್ಣತಂತು ಅಲ್ಲಾಡದೆ ಇಳಿದು ಬಂದಿತ್ತು. ಯಾವ ಹೆಂಗಸಿನ ಮನೆ ಹಾದು ಬಂದೆ ಎಂಬುದನ್ನು ಮಾತ್ರ ಅದು ಬರೆದಿಟ್ಟುಕೊಳ್ಳುವುದಿಲ್ಲ.

ಸಂಜೆ ಖಮ್ಮೂಸನ ಮನೆಗೆ ಹೋದ. ಮುದುಕ ಕೂತಲ್ಲಿಂದ ಏಳಲಿಲ್ಲ, ಚಹಾ ಬೇಕೇ ಎನ್ನಲೂ ಇಲ್ಲ. ಎಲ್ಕಾನಾ ಒಂದನ್ನೂ ಬಿಡದೆ ಹೇಳಿದ. ಅಜ್ಜಿಯದನ್ನು ಹೇಳಿದ, ತಾನು ಬಿಟ್ಟ ವಾಕ್ಯವನ್ನೂ ಹೇಳಿದ.

"ತಪ್ಪಾಯ್ತು ಖಮ್ಮೂಸಣ್ಣ."

"ಆ ಕಾಗದ ಬರದೆ ಹೋಗಿದ್ರೆ ನೀವು ಬರ್ತಿದ್ರಾ ಮೇಷ್ಟ್ರೇ?"

ಇದ್ದದ್ದು ಒಂದೇ ಉತ್ತರ.

"ಇಲ್ಲ."

"ಅಬ್ಬ, ಇದೊಂದು ನಿಜ ಹೇಳಿದ್ರಿ." ಖಮ್ಮೂಸ್ ಮಂಡಿ ಉಜ್ಜಿಕೊಂಡ. "ನನ್ನ ಮಾನ ತೆಗೆದಾಗ ಮೂವತ್ತು ಜನ ಇದ್ರು. ಮೀನು ತಿಂತಾ ಇದ್ರು. ಇಲ್ಲಿ ಬಂದು ನನ್ನ ಕಿವೀಲಿ ಪಿಸುಗುಟ್ಟಿದ್ರೆ ಅದು ವಾಪಸ್ ಬರುತ್ತಾ?"

ದಾರಿಯುದ್ದಕ್ಕೂ ಎಲ್ಕಾನಾನಿಗೆ ಸುಲಭದ ಉಪಾಯವೊಂದು ಕಾಣುತ್ತಲೇ ಇತ್ತು. ನಾಳೆ ತಲೆನೋವೆಂದು ತಾನೂ ಅಂಗಳಕ್ಕೆ ಹೋಗಿ ನಿಲ್ಲಬಹುದು. ಕೊಹೆನ್ ಆಗಿದ್ದೂ ಆ ದಿನ ಹತ್ತಲಾಗದವನು ಹೊರಗೆ ಹೋಗುವುದು ವಾಡಿಕೆ. ಯಾರೂ ಏನೂ ಕೇಳುವುದಿಲ್ಲ. ಕೊಹೆನ್ ಅಲ್ಲದವನು ಒಳಗೇ ಜನರ ನಡುವೆ ನಿಲ್ಲಬೇಕು.

ಬೆಳಿಗ್ಗೆ ಪ್ರಾರ್ಥನೆ ಶುರುವಾಗುವ ಮೊದಲು ಅವನು ಮೇಜಿಗೆ ಅಂಗೈ ಬಡಿದ. ಮಂದಿರದ ಉಸ್ತುವಾರಿ ಬೆಖೋರ್ ತಿರುಗಿ ನೋಡಿ, "ಏನ್ ಮೇಷ್ಟ್ರೇ, ಇನ್ಯಾರದು ರಿಸಲ್ಟು?" ಎಂದ. ನಾಲ್ಕೈದು ಜನ ನಕ್ಕರು.

"ನಂದೇ," ಎಂದ ಎಲ್ಕಾನಾ.

ನಿಂತು ಹೇಳಿದ. ಮೊದಲು ಖಮ್ಮೂಸನದು: ಆ ಪರೀಕ್ಷೆಯಿಂದ ಅವನ ವಿರುದ್ಧ ಏನೂ ಸಾಬೀತಾಗಿಲ್ಲ, ಅದು ತನಗೆ ಅಂದೇ ಗೊತ್ತಿತ್ತು, ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ ಎಂದ. ಆಮೇಲೆ ಅಜ್ಜಿಯದು. ಅಪ್ಪನ ಹೆಸರನ್ನೂ ಬಿಡದೆ ಹೇಳಿದ. ಬೆಖೋರ್ ಪ್ರಾರ್ಥನೆಯ ಪುಸ್ತಕದ ಹಾಳೆ ತಿರುವುತ್ತ ಕೂತ. ಈ ಸಲ ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟವಾಯಿತು.

ಆಶೀರ್ವಾದದ ಹೊತ್ತು ಬಂತು. ಇಬ್ಬರು ಕೊಹೆನ್‌ಗಳಿದ್ದರೆ 'ಕೊಹೆನ್‌ಗಳೇ' ಎಂದು ಕೂಗಿ ಕರೆಯುತ್ತಾರೆ; ಒಬ್ಬನೇ ಆದರೆ ಕೂಗುವುದಿಲ್ಲ, ಅವನೇ ತಿಳಿದು ಜನರತ್ತ ತಿರುಗಬೇಕು. ಇವತ್ತು ಅಂಗಳಕ್ಕೆ ಹೋಗದೆ ಮುಂದೆ ನಿಂತಿದ್ದ ಖಮ್ಮೂಸ್ ಬಹಳ ಹೊತ್ತು ತಿರುಗಲಿಲ್ಲ. ಆಮೇಲೆ ನಿಧಾನವಾಗಿ ತಿರುಗಿ, ಶಾಲು ತಲೆಯ ಮೇಲೆಳೆದು, ಕೈಗಳನ್ನು ಎತ್ತಿದ.

ಎಲ್ಕಾನಾ ತಲೆ ತಗ್ಗಿಸಿದ. ಆಗ ಕಂಡಿತು. ಕೈ ಎತ್ತುವ ಮುನ್ನ ಕೊಹೆನ್ ಪಾದರಕ್ಷೆ ಕಳಚಬೇಕು. ಐವತ್ತು ವರ್ಷದ ಅಭ್ಯಾಸದಿಂದ ಅವನ ಕಾಲುಗಳು ತಾವಾಗಿಯೇ ಬೂಟು ಕಳಚಿ ಬೆಂಚಿನಡಿ ತಳ್ಳಿಬಿಟ್ಟಿದ್ದವು. ಬೂಟು ಮೆಟ್ಟಿ ನಿಂತ ಅಷ್ಟು ಜನರ ನಡುವೆ ಅವನೊಬ್ಬನೇ ಕಾಲುಚೀಲದಲ್ಲಿ ನಿಂತಿದ್ದ. ಪಕ್ಕದವನು ಕೆಳಗೆ ನೋಡಿ, ತಟ್ಟನೆ ಮುಖ ಆಚೆ ತಿರುಗಿಸಿದ. ಆಶೀರ್ವಾದ ಮುಗಿಯುವವರೆಗೆ ಬಗ್ಗುವಂತಿರಲಿಲ್ಲ.