ಮುಚ್ಚಿ ಮಾರದ ಫರ್ಹಾನಾ

ಫರ್ಹಾನಾಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆಗೆ. ಚಿತ್ರದುರ್ಗದಲ್ಲಿ ಕುರಿ ಔಷಧಿಯ ಅಂಗಡಿ ಇಟ್ಟಿರುವ ನನ್ನ ತಂಗಿಯ ಮಗ ತಿಮ್ಮೇಶ್ ಅಂದು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ್ದ: "ದೊಡ್ಡಮ್ಮ, ಆ ಹುಡುಗಿ ಜೊತೆ ಏಗಾಕಾಗಲ್ಲ. ಚಾ ಬೇಕೇನವ್ವಾ ಅಂದ್ರೂ 'ಅದಕ್ಕೂ ಮೊದ್ಲು' ಅಂತ ಏನೋ ತೆಗೀತಾಳೆ!"

ಆಮೇಲೆ ಅವಳೇ ನಮ್ಮ ಮನೆಗೆ ಬಂದಳು. ಲ್ಯಾಪ್‌ಟಾಪ್ ಚೀಲದ ಭಾರಕ್ಕೆ ಎಡಕ್ಕೆ ವಾಲಿ ನಡೆಯುವ, ಬಿರುಬಿಸಿಲಿನಲ್ಲೂ ಕಂದು ಕೋಟು ಕಳಚದ ಹುಡುಗಿ. ಅವಳ ತಂದೆ, ದರ್ಜಿ ಮೌಲಾ ಸಾಬರು, ಯಾರೋ ಗಿರಾಕಿಗೆಂದು ಹೊಲಿದ ಕೋಟು ಅದು. ಗಿರಾಕಿ ಮರಳಿ ಬರಲೇ ಇಲ್ಲ. "ಬಂದ್ರೆ ಬಿಚ್ಚಿ ಕೊಡ್ತೀನಜ್ಜಿ" ಎಂದು ಅವಳು ಗಂಭೀರವಾಗಿ ಹೇಳಿದಾಗ ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಕುರಿಗಾರರ ಫೋನಿಗೆಂದು ಅವಳೂ ತಿಮ್ಮೇಶನೂ ಸೇರಿ ಒಂದು ಆಪ್ ಕಟ್ಟುತ್ತಿದ್ದರು: ಯಾವ ಕುರಿಗೆ ಯಾವ ರೋಗ, ಲಸಿಕೆ ಯಾವಾಗ ಎಂದು ಹೇಳುವಂಥದ್ದು. ಮತ್ತೋಡಿನ ಕುರಿಹಟ್ಟಿಯಲ್ಲಿ ಬಾಳುವೆ ಸವೆಸಿದ ನನ್ನ ನೆನಪಿನಲ್ಲಿದ್ದ ಗುರುತುಗಳನ್ನು, ಸಿಂಬಳದ ಬಣ್ಣ, ಕಿವಿ ಜೋತುಬಿದ್ದ ಬಗೆ, ಹಿಕ್ಕೆಯ ವಾಸನೆ ಎಲ್ಲವನ್ನೂ, ಅವಳು ಕೇಳಿ ಕೇಳಿ ಅದರೊಳಗೆ ತುಂಬಿದಳು. "ಇದನ್ನೆಲ್ಲ ಜೋಡಿಸಿ ಇಡೋ ಡೇಟಾಬೇಸು ನಂದಲ್ಲ ಅಜ್ಜಿ. ಯಾರ್ಯಾರೋ ಸೇರಿ ಮಾಡಿ, ಎಲ್ರೂ ಬಳಸ್ಲಿ ಅಂತ ಬಿಟ್ಟಿರೋದು. ಸಿಗ್ನಲ್ ಇಲ್ದಿದ್ರೂ ನಡೆಯೋ ಹಂಗೆ ನಾನು ಒಳಗೆ ತಿದ್ದಿದೀನಿ, ಅಷ್ಟೆ."

ಒಂದು ಕಂಪನಿಯ ಶ್ರೀನಿವಾಸ್ ಆ ಆಪನ್ನು ಕೊಳ್ಳಲು ಬಂದ. ಇಷ್ಟು ವರ್ಷದ ಅವಳ ದುಡಿಮೆ ಒಂದು ಸಹಿಗೆ ದಡ ಸೇರುತ್ತಿತ್ತು. ಅವನದು ಒಂದೇ ಷರತ್ತು: ಆಪ್ ನಡೆಸುವ ಒಳಗಿನ ಬರಹವನ್ನು, ಅವರ ಬಾಯಲ್ಲಿ 'ಕೋಡು', ಯಾರಿಗೂ ತೋರಿಸಕೂಡದು.

"ಆಗಲ್ಲ ಸಾರ್. ಆ ಡೇಟಾಬೇಸಿನ ಲೈಸೆನ್ಸು ಹಂಗಿಲ್ಲ. ತಿದ್ದಿ ಇನ್ನೊಬ್ರಿಗೆ ಕೊಟ್ರೆ ತಿದ್ದಿದ್ದನ್ನೂ ತೆರೆದು ಕೊಡ್ಬೇಕು."

"ಆ ಡೇಟಾಬೇಸು ಬರೆದೋರಿಗೆ ಹೆಂಗ್ರಿ ಗೊತ್ತಾಗ್ತದೆ, ಮೇಡಂ?"

"ಗೊತ್ತಾಗ್ಬಾರ್ದು ಅಂತಾನೇ ನೀವು ಮುಚ್ಚು ಅಂತಿರೋದು."

ತಿಮ್ಮೇಶ್ ಹಣೆ ಚಚ್ಚಿಕೊಂಡ. "ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟು ಮಡಿ ಏನು ತಾಯಿ?"

ನನಗೂ ತಲೆ ಗೊಂದಲದ ಗೂಡಾಯಿತು. ಬಿಟ್ಟಿ ಎಂದಮೇಲೆ ಷರತ್ತೇಕೆ? ಷರತ್ತಿದ್ದರೆ ಅದು ಬಿಟ್ಟಿ ಹೇಗೆ? "ಹೆಪ್ಪಿಗೆ ಮಜ್ಜಿಗೆ ಕೊಟ್ಟ ಪಕ್ಕದ ಮನೆ ಗಿರಿಯಮ್ಮ, ಮೊಸರು ಮಾರಬ್ಯಾಡ ಅಂತಾಳೇನೇ?" ಎಂದು ಕೇಳಿಯೇಬಿಟ್ಟೆ.

"ಮಾರ್ರಿ ಅಜ್ಜಿ, ಯಾರು ಬ್ಯಾಡ ಅಂದ್ರು? ಕೊಂಡೋರು ಹೆಪ್ಪು ಹಾಕೋದು ಹೆಂಗೆ ಅಂದಾಗ ಬಾಯಿ ಮುಚ್ಕಬ್ಯಾಡ್ರಿ."

ತಿಳಿದಂತಾಯಿತು, ಅವಳು ಅತ್ತ ತಿರುಗಿದೊಡನೆ ಮತ್ತೆ ಮಸುಕಾಯಿತು. ಶ್ರೀನಿವಾಸ್ ಚಾ ಅರ್ಧಕ್ಕೆ ಬಿಟ್ಟು ಎದ್ದುಹೋದ. ತಿಮ್ಮೇಶ್ ಅವಳೊಡನೆ ಮಾತು ಬಿಟ್ಟ. ಆಪನ್ನು ಕೋಡಿನ ಸಮೇತ ಎಲ್ಲರಿಗೂ ತೆರೆದಿಟ್ಟು, ತಾಳ್ಯದ ಕುರಿಹಟ್ಟಿಗಳಿಂದ ಶುರುಮಾಡಿ ಹಂಚಲು ಅವಳೊಬ್ಬಳೇ ಹೊರಟಳು.

ಇಂಥವರ ಸಂಗಡ ಬದುಕುವುದು ಸುಲಭವಲ್ಲ. ತಮ್ಮ ಕೈಗೆ ಬಂದದ್ದು ಯಾವ ಕೈಯಿಂದ ಬಂತೆಂದು ಹಿಂತಿರುಗಿ ನೋಡದೆ ಅದನ್ನು ಮುಂದಕ್ಕೆ ದಾಟಿಸಲಾರರು; ನಾವು ನಮ್ಮದೆಂದುಕೊಂಡು ನೆಮ್ಮದಿಯಾಗಿರುವುದನ್ನೂ ಅಲುಗಾಡಿಸಿ ಹೋಗುತ್ತಾರೆ. ಅದನ್ನು ಹಟವೆನ್ನಬೇಕೋ ಧರ್ಮವೆನ್ನಬೇಕೋ, ನನಗೆ ಈಗಲೂ ಗೊತ್ತಿಲ್ಲ.

ಹೊರಡುವ ದಿನ ಲ್ಯಾಪ್‌ಟಾಪ್ ಬಿಚ್ಚಿ ನನ್ನೆದುರು ಕುಳಿತಳು. "ಅಜ್ಜಿ, ನೀವು ಹೇಳಿದ ಗುರುತುಗಳ್ನೂ ಎಲ್ರಿಗೂ ತೆರೆದಿಡ್ಲಾ? ನಿಮ್ಮ ಹೆಸರು ಹಾಕ್ತೀನಿ."

"ನಂದೆಲ್ಲೈತೆ ತಾಯಿ? ಎಲ್ಲ ನಮ್ಮತ್ತೆ ಕಲಿಸಿದ್ದು."

ಅವಳ ಬೆರಳು ನಿಂತಿತು.

"ಅವರ ಹೆಸರು ಹೇಳ್ರಿ ಮತ್ತೆ."