ಹಿಂದಕ್ಕೆ ಹೋಗಬಾರದ ಗಾಡಿ

ಮುರಳೀಧರನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಹೊಗಳುತ್ತಿದ್ದರು, ಹೆಂಡತಿಗೆ ಕಾರು ಓಡಿಸಲು ಬಿಟ್ಟ ಗಂಡ ಅಂತ. ಬಿಡುವುದೇನು ಬಂತು, ಕಾರೇ ಅವಳದು! ಉಷಾಳ ಅಪ್ಪ ವಿಮಾ ಕಂಪನಿಯಲ್ಲಿದ್ದಾಗ, ತನ್ನ ದೇಶಕ್ಕೆ ಹೊರಟು ನಿಂತ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡ ಕೆಂಪು ಟ್ರಯಂಫ್ ಅದು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಅಂಟಿಕೊಂಡಂತೆ ಕೂತಿರುತ್ತಿತ್ತು. ಸಾಯುವ ಮೊದಲು ಅವರು ಕೀಯನ್ನು ಮಗಳ ಕೈಯಲ್ಲೇ ಇಟ್ಟು ಹೋಗಿದ್ದರು. ಆದರೂ ಹೊಗಳಿಕೆಯೆಲ್ಲ ಅಳಿಯನಿಗೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಾವು ಮದ್ರಾಸಿನ ಪುರಸೈವಾಕ್ಕಂನಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರದು ರೈಲ್ವೆ ನೌಕರಿ, ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದವರು. ಕೆಳಗಡೆ ಮುರಳೀಧರ, ಉಷಾ, ಅವನ ತಾಯಿ ಅಂಬುಜಮ್ಮ. ಅಜ್ಜನ ಕಾಲದಿಂದ ಮದ್ರಾಸಿನಲ್ಲಿ ನೆಲೆಸಿದ ಮಾಧ್ವರು. ಮುರಳೀಧರನಿಗೆ ಗಿಂಡಿಯಲ್ಲಿ ಮೋಟಾರು ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಿತ್ತು. ಭಾನುವಾರ ಬಂದರೆ ಮೋಟಾರು ಕ್ಲಬ್ಬು, ವರ್ಷಕ್ಕೊಮ್ಮೆ ಶೋಳವರಂನಲ್ಲಿ ರೇಸು.

ಎಮರ್ಜೆನ್ಸಿ ಮುಗಿದ ಮರುವರ್ಷ ಆ ರೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಅದೇ ಕೆಂಪು ಕಾರು ಓಡಿಸಿದರು, ಅವನು ಗಂಡಸರ ಸಾಲಿನಲ್ಲಿ, ಅವಳು ಹೆಂಗಸರ ಸಾಲಿನಲ್ಲಿ. ಒಂದೇ ಕಾರು, ಒಂದೇ ಸುತ್ತು. ಅವಳು ಅವನಿಗಿಂತ ಬೇಗ ಮುಗಿಸಿದಳು. ಕ್ಲಬ್ಬಿನವರು ಬಿಡುತ್ತಾರೆಯೇ? 'ಇನ್ಮೇಲೆ ನೀನು ಟೀ ಮಾಡು, ಮುರಳಿ, ಗಾಡಿ ಮಿಸೆಸ್ ಓಡಿಸ್ಲಿ' ಅಂತ ನಮ್ಮ ಮನೆಯ ಮುಂದೆಯೇ ನಿಂತು ಕಾಲೆಳೆದರು. ಅವನೂ ನಕ್ಕ. ಮೇಲಿನಿಂದ ನೋಡುತ್ತಿದ್ದ ನನಗೆ ಆ ನಗು ಯಾಕೋ ಹಿಡಿಸಲಿಲ್ಲ.

ಬೇಸಿಗೆಯಲ್ಲಿ ಉಷಾ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೂ ಮೂಳೆ ಸ್ವಲ್ಪ ಸೊಟ್ಟಗೇ ಉಳಿಯಿತು. ನೀರು ತುಂಬಿದ ಕೊಡ ಎತ್ತಲಾರಳು, ಆದರೆ ಕಾರು ಮಾತ್ರ ಓಡಿಸುತ್ತಿದ್ದಳು. ಹಳೆಯ ಸ್ಟಿಯರಿಂಗು ಸಡಿಲವಾಗಿತ್ತು, ತುಂಬ ಸುತ್ತು ಸುತ್ತಬೇಕು, ಆದರೆ ಹಗುರ. ಪ್ರತಿದಿನ ಸಂಜೆ ಮುರಳೀಧರ ತಾನೇ ಕೂತು ಅವಳ ಕೈಗೆ ಎಣ್ಣೆ ನೀವುತ್ತಿದ್ದ. ಅದನ್ನೂ ಬೀದಿಯವರು ಹೊಗಳಿದರು. ಆ ಕೈಯಲ್ಲಿ ಎಷ್ಟು ಬಲ ಉಳಿದಿದೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನವರಾತ್ರಿಗೆ ಮುಂಚೆ ಅವನು ಒಂದು ಉಡುಗೊರೆ ಘೋಷಿಸಿದ. ಕಾರಿಗೆ ಹೊಸ ಸ್ಟಿಯರಿಂಗ್ ರ‍್ಯಾಕು. ರ‍್ಯಾಕು ಅಂದರೆ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಮಲಗಿರುವ ಹಲ್ಲಿನ ಸರಳು. ಸ್ಟಿಯರಿಂಗು ತಿರುಗಿಸಿದರೆ ಅದು ಆಚೀಚೆ ಸರಿದು ಚಕ್ರವನ್ನು ತಿರುಗಿಸುತ್ತದೆ. ಹೊಸದು ರೇಸಿನದು, ಇಂಗ್ಲೆಂಡಿನಿಂದ ಯಾರ ಕೈಯಲ್ಲೋ ತರಿಸಿದ್ದು. ಕೈ ಇಷ್ಟು ಆಡಿಸಿದರೆ ಸಾಕು, ಗಾಡಿ ಅಷ್ಟು ತಿರುಗುತ್ತದಂತೆ. ಜೊತೆಗೆ ಅಗಲವಾದ ಟೈರುಗಳು. ಉಷಾಳಿಗೆ ಹಿಗ್ಗೋ ಹಿಗ್ಗು. ಫೆಬ್ರವರಿಯ ರೇಸಿಗೆ ಆಗಲೇ ಹೆಸರು ಕೊಟ್ಟುಬಿಟ್ಟಳು.

ಒಂದು ಮಧ್ಯಾಹ್ನ ನಾನೂ ಅವಳೂ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದೆವು. ಪಕ್ಕದಲ್ಲೇ ಕಾರು ಶೆಡ್ಡಿನ ಶೀಟು. ಕೆಳಗಿನ ಮಾತೆಲ್ಲ ಕಿವಿಯಲ್ಲಿ ಹೇಳಿದಂತೆ ಕೇಳಿಸುತ್ತಿತ್ತು. ಗಿಂಡಿಯ ಕಾರ್ಖಾನೆಯ ಫಿಟ್ಟರ್ ಐತಪ್ಪ, ಮಂಗಳೂರಿನ ಕಡೆಯವನು, ಕಾರಿನ ಅಡಿಯಿಂದ ಹೊರಗೆ ಬಂದು ಹೇಳಿದ:

'ಸಾರ್, ಇದು ಓಡುವಾಗ ಪರವಾಗಿಲ್ಲ. ಗಾಡಿ ನಿಧಾನ ಇರುವಾಗ ಭಾರೀ ಬಿಗಿ ಆಗ್ತದೆ. ನನಗೇ ಎರಡು ಕೈ ಬೇಕು. ಅಮ್ಮನವರ ಆ ಕೈಯಲ್ಲಿ ಆಗ್ಲಿಕ್ಕಿಲ್ಲ.'

'ತೆರಿಯುಮ್ಪಾ, ಗೊತ್ತು' ಅಂದ ಮುರಳೀಧರ. 'ನಾನು ಬೇಡ ಅಂದ್ರೆ ನಾನು ಕೆಟ್ಟೋನು. ಅವಳೇ ಆಗಲ್ಲ ಅನ್ಲಿ. ಆಯುಧಪೂಜೆ ದಿನ ಎಲ್ಲರ ಎದುರಿಗೆ ಅನ್ಲಿ. ಆಮೇಲೆ ಗಾಡಿ ನಾನು ನೋಡ್ಕೋತೀನಿ.'

ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಉಷಾ ತಲೆ ಎತ್ತಲಿಲ್ಲ. ಬಟ್ಟೆಯ ಮೇಲೆ ಸಂಡಿಗೆಗಳನ್ನು ಒಂದೊಂದಾಗಿ, ದುಂಡಗೆ ಇಡುತ್ತಲೇ ಹೋದಳು.

'ಏ ಉಷಾ, ಕೇಳಿದೇನವಾ?' ಅಂದೆ. 'ಅವತ್ತು ಮೈಯಾಗ ಆರಾಮಿಲ್ಲ ಅಂತ ಹೇಳಿ ಒಳಗ ಮಲಕೋ. ಆ ಗಾಡಿ ಹತ್ತಬ್ಯಾಡ.'

'ಹತ್ತದೇ ಇದ್ರೆ ಏನ್ ವ್ಯತ್ಯಾಸ ರೀ? ಆಗ್ಲೂ ಗಾಡಿ ಅವ್ರದೇ ಆಗತ್ತೆ' ಅಂದಳು. ದನಿಯಲ್ಲಿ ಅಳು ಇರಲಿಲ್ಲ. ಅಳು ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಅವನ ಲೆಕ್ಕಾಚಾರ ಎಷ್ಟು ಅಚ್ಚುಕಟ್ಟು ಅನ್ನುವುದು ನನಗೆ ಆಮೇಲೆ ಹೊಳೆಯಿತು. ನಮ್ಮ ಓಣಿ ಕಿರಿದು. ಗೇಟು ದಾಟಿದ ಕೂಡಲೇ ಬಲಕ್ಕೆ ಪೂರ್ತಿ ತಿರುಗಿಸಬೇಕು, ಇಲ್ಲದಿದ್ದರೆ ಎದುರಿಗೆ ಇನ್ನೊಬ್ಬರ ಕಲ್ಲಿನ ಗೋಡೆ. ಬೇರೆ ದಿನವಾದರೆ ಸ್ವಲ್ಪ ಹಿಂದೆ ತೆಗೆದುಕೊಂಡು ಮತ್ತೆ ತಿರುಗಿಸಬಹುದು. ಆಯುಧಪೂಜೆಯ ದಿನ ಹಾಗಿಲ್ಲ. ಚಕ್ರದ ಕೆಳಗಿನ ನಿಂಬೆಹಣ್ಣು ತುಳಿದ ಗಾಡಿ ಮುಂದಕ್ಕೇ ಹೋಗಬೇಕು, ಬೀದಿಯ ಕೊನೆಯ ಪಿಳ್ಳೆಯಾರ್, ಅಂದರೆ ಗಣಪನ, ಗುಡಿಯ ತನಕ. ಹಿಂದಕ್ಕೆ ಹೋದರೆ ವರ್ಷವಿಡೀ ಅಪಶಕುನ ಅಂತ ಅಂಬುಜಮ್ಮನ ನಂಬಿಕೆ. ಆಕೆಯ ಮಾತನ್ನು ಆ ಮನೆಯಲ್ಲಿ ಮೀರಿದವರಿಲ್ಲ.

ಪೂಜೆಯ ದಿನ ಬಾಗಿಲ ಮುಂದೆ ಜಾತ್ರೆಯೇ. ಕ್ಲಬ್ಬಿನ ಗೆಳೆಯರು, ಕಾರ್ಖಾನೆಯವರು, ಅಕ್ಕಪಕ್ಕದವರು. ಎಲ್ಲರನ್ನೂ ಅವನೇ ಕರೆದಿದ್ದ. ಬಂದವರಿಗೆಲ್ಲ ಮುಂಚೆಯೇ ಹೇಳುತ್ತಿದ್ದ: 'ಹೊಸ ರ‍್ಯಾಕು ಸಾರ್, ರೊಂಬ ಹೆವಿ. ಪಾಪ, ಉಷಾಗೆ ತಿರುಗತ್ತೋ ಇಲ್ವೋ, ಪಾಕಲಾಂ, ನೋಡೋಣ.' ಆ ಪಾಪ ಅನ್ನುವ ಪದವನ್ನು ಅವನು ಪೊಂಗಲಿನ ಜೊತೆ ಬಡಿಸಿದ ಹಾಗೆ ಒಬ್ಬೊಬ್ಬರಿಗೂ ಹಂಚಿದ.

ನಾನು ಮಹಡಿಯ ವರಾಂಡದಲ್ಲಿ ನಿಂತಿದ್ದೆ. ಚಾವಣಿಯಿಲ್ಲದ ಕಾರು, ನನ್ನ ನೇರ ಕೆಳಗೆ. ಅದರ ಒಳಗಿರುವುದೆಲ್ಲ ನನಗೆ ಕಾಣುತ್ತಿತ್ತು. ಉಷಾ ಪೂಜೆಗೆಂದು ಚಪ್ಪಲಿ ಬಿಟ್ಟವಳು ಬರಿಗಾಲಲ್ಲೇ ಹತ್ತಿದಳು. ಪಾದಕ್ಕೆ ಅರಿಶಿನ, ಬೆರಳಲ್ಲಿ ಕಾಲುಂಗುರ. ಐತಪ್ಪ ಬಾಗಿ ಏನೋ ಹೇಳಹೋದ. ಅವಳು ತಲೆಯಾಡಿಸಿ ಅವನನ್ನು ದೂರ ಕಳಿಸಿದಳು.

ಮುರಳೀಧರ ಕುಂಬಳಕಾಯಿ ನಿವಾಳಿಸಿ, ಓಣಿಯ ಮಧ್ಯೆ ಬಡಿದು ಒಡೆದ. ಕುಂಕುಮ ಮೆತ್ತಿದ ಹೋಳುಗಳು ಚೆಲ್ಲಾಡಿದವು. ಆಮೇಲೆ ಪಕ್ಕಕ್ಕೆ ಸರಿಯಬೇಕಾದವನು ಸರಿಯಲಿಲ್ಲ. ಎದುರು ಗೋಡೆಗೆ ಬೆನ್ನು ಕೊಟ್ಟು, ಗೇಟಿನ ನೇರಕ್ಕೆ ನಿಂತುಕೊಂಡ. ಹೆಂಡತಿ ಸೋಲುವಾಗ ಅವಳ ಮುಖ ಕಾಣಬೇಕಲ್ಲ, ಅದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಎರಡೂ ಕೈ ಚಾಚಿ ಕರೆದ: 'ವಾ, ವಾ, ಹಾಗೇ ಬಾ!'

ನಿಂಬೆಹಣ್ಣು ಪಚಕ್ ಅಂದಿತು. ಕಾರು ಗೇಟು ದಾಟಿತು. ಉಷಾ ಎರಡೂ ಕೈಯಿಂದ ಸ್ಟಿಯರಿಂಗು ಎಳೆದಳು. ಸುಳ್ಳು ಹೇಳಲಾರೆ, ನಿಜವಾಗಿಯೇ ಎಳೆದಳು. ಕುತ್ತಿಗೆಯ ನರ ಉಬ್ಬಿತು, ಮುರಿದ ಮಣಿಕಟ್ಟು ನಡುಗಿತು. ಸ್ಟಿಯರಿಂಗು ಒಂದು ಗೇಣು ತಿರುಗಿ ಅಲ್ಲೇ ಕಚ್ಚಿಕೊಂಡಿತು. ಗಾಡಿ ಆಮೆಯ ಹಾಗೆ ಗೋಡೆಯ ಕಡೆಗೇ ಹೊರಟಿತು.

ಗೆಳೆಯರು ನಗಲು ಶುರುಮಾಡಿದರು. ಮುರಳೀಧರ ಅಂಗೈ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ: 'ಸರಿ, ಸರಿ, ಸಾಕು! ನಿನ್ನಿಂದ ಆಗಲ್ಲಮ್ಮಾ. ಬ್ರೇಕ್ ಹಾಕಿ ಇಳಿ, ನಾನು ತಗೋತೀನಿ.'

ಅವಳು ಕೈ ಸಡಿಲಬಿಟ್ಟಳು. ಅವನನ್ನೇ ನೋಡಿದಳು. ನಾನು ಅವಳ ಪಾದ ನೋಡಿದೆ. ಅರಿಶಿನ ಹಚ್ಚಿದ ಆ ಬಲಗಾಲು ಬ್ರೇಕಿನ ಕಡೆಗೆ ಸರಿಯಲಿಲ್ಲ. ಆಕ್ಸಿಲರೇಟರಿನ ಮೇಲೆ ಇದ್ದಲ್ಲೇ ಇತ್ತು. ಆಮೇಲೆ, ಹಿಟ್ಟು ಅದುಮಿದಷ್ಟು ಮೆಲ್ಲಗೆ, ಅಲ್ಲೇ ಕೆಳಗೆ ಅದುಮಿತು.

ಕಾರು ಮುಂದಕ್ಕೆ ಹಾರಿತು. ಕಲ್ಲಿಗೂ ಬಂಪರಿಗೂ ನಡುವೆ ಅವನ ಬಲ ಮಂಡಿ ಸಿಕ್ಕಿತು. ಕಬ್ಬು ಮುರಿದಂಥ ಸದ್ದು ಬಂತು. ಅವನು ಕಿರುಚಿದ. ಜನ ಓಡಿ ಬಂದು, 'ರಿವರ್ಸ್ ಪೋಡು, ರಿವರ್ಸ್!' ಅಂತ ಕೂಗಿದರು. ಉಷಾ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯ ಕಡೆಗೆ ತಿರುಗಿದಳು.

'ಹಿಂದಕ್ಕೆ ತೆಗೀಲಾ ಅಮ್ಮಾ?' ಅಂತ ಕೇಳಿದಳು.

ಅಂಬುಜಮ್ಮ ಜಜ್ಜಿದ ನಿಂಬೆಹಣ್ಣನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು. ಕೊನೆಗೆ ಗಂಡಸರೇ ಕಾರನ್ನು ಎತ್ತಿ ಸರಿಸಿದರು.

ಪೊಲೀಸರು ಬಂದು ಕೇಳಿದಾಗ ಎಲ್ಲರದೂ ಒಂದೇ ಮಾತು. ಸ್ಟಿಯರಿಂಗು ಬಿಗಿ, ಆಕೆಯ ಕೈ ಮುರಿದದ್ದು, ಗಾಬರಿಯಲ್ಲಿ ಕಾಲು ತಪ್ಪಿತು. ಮುರಳೀಧರನೇ ನಮಗೆಲ್ಲ ಹೇಳಿದ್ದನಲ್ಲ, ಅಂದರು. ಐತಪ್ಪ ತಾನು ಮೊದಲೇ ಎಚ್ಚರಿಸಿದ್ದಾಗಿ ಅತ್ತುಕೊಂಡು ಹೇಳಿದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದ ಮುರಳೀಧರ ತಾಯಿಗೆ ಹೇಳಿದನಂತೆ, 'ಅವಳು ಬೇಕೂಂತ್ಲೇ ಮಾಡಿದ್ದು' ಅಂತ. 'ಆ ಹಾಳು ಸಾಮಾನು ಹಾಕ್ಸಿದ್ದು ಯಾರೋ? ನೀನೇ ತಾನೆ?' ಅಂತ ಆಕೆ ಮುಖ ತಿರುಗಿಸಿದಳಂತೆ.

ಮಂಡಿ ಮತ್ತೆ ಬಗ್ಗಲಿಲ್ಲ. ಅವನು ಮನೆಗೆ ಬರುವಷ್ಟರಲ್ಲಿ ಉಷಾ ಐತಪ್ಪನನ್ನು ಕರೆಸಿ ಹಳೆಯ ರ‍್ಯಾಕನ್ನೇ ಮತ್ತೆ ಹಾಕಿಸಿದ್ದಳು. ವಾರಕ್ಕೊಮ್ಮೆ ಅವನನ್ನು ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಟ್ಯಾಕ್ಸಿ ತರುತ್ತೇನೆ ಅಂತ ನಮ್ಮವರು ಎಷ್ಟೋ ಹೇಳಿದರು. 'ಮನೇಲಿ ಗಾಡಿ ಇದ್ದಾಗ ಟ್ಯಾಕ್ಸಿ ಯಾಕೆ?' ಅಂದಳು. ನೆಲಕ್ಕೆ ಅಂಟಿದ ಆ ಕಾರಿನೊಳಗೆ ಮಡಿಸಲಾಗದ ಕಾಲನ್ನು ತುರುಕುವಾಗ ಅವನು ಕೂಗುವುದು ಮಹಡಿಗೆ ಕೇಳುತ್ತದೆ. ಹೆಂಡತಿ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅಂತ ಬೀದಿಯವರು ಈಗ ಅವಳನ್ನು ಹೊಗಳುತ್ತಾರೆ.

ನಾನು ಪ್ರತಿ ಸಲ ವರಾಂಡಕ್ಕೆ ಬಂದು ನಿಲ್ಲುತ್ತೇನೆ. ಕಾರು ಗೇಟು ದಾಟುವಾಗ ಮುರಳೀಧರ ರಸ್ತೆ ನೋಡುವುದಿಲ್ಲ, ಅವಳ ಬಲಗಾಲನ್ನೇ ನೋಡುತ್ತಿರುತ್ತಾನೆ. ಅವಳು ಒಂದೇ ಕೈಯಲ್ಲಿ ಹಗುರವಾಗಿ ತಿರುಗಿಸಬಹುದು. ಆದರೆ ಕೂಡಲೇ ತಿರುಗಿಸುವುದಿಲ್ಲ. ಆ ಗೋಡೆಗೆ ಇನ್ನೇನು ತಾಗಬೇಕು ಅನ್ನುವ ತನಕ ನೇರ ಹೋಗಿ, ಗಕ್ಕನೆ ನಿಲ್ಲಿಸುತ್ತಾಳೆ. ಅವನ ಮಂಡಿ ಎದುರಿನ ಡ್ಯಾಶ್‌ಬೋರ್ಡಿಗೆ ಬಡಿಯುತ್ತದೆ.

'ನೋಡಿದ್ರಾ?' ಅನ್ನುತ್ತಾಳೆ. 'ಬ್ರೇಕ್ ಚೆನ್ನಾಗೇ ಇದೆ.'